ಕರಿಬಸ್ಯಾ ಕೌದಿಗೆ ಮಂದಿ ಕೂಡಿಸಿದ್ದು

ಕುಂದರ್ರಿ, ಕಾಲು ಮಡಚಿ ಕುಂದರ್ರಿ. ಬಾಯಾಗಿನ ಶೇಂಗಾ ನುಂಗಿ ಕಿವಿ ಇತ್ತ ಕೊಡ್ರಿ. ನಡುವ ಯಾರಾದರೂ ನಕ್ಕು ಮರೆಸಿದರ ನಾ ಮೊದಲಿಂದ ಹೇಳಬೇಕಾಗತದ, ನೋಡ್ರಿ ಮತ್ತ!

ಒಂದೂರಿನಾಗ ಗಂಗವ್ವ ಅಂತ ಒಬ್ಬಾಕಿ. ಆಕಿಗೆ ಒಬ್ಬ ಮಗ, ಕರಿಬಸ್ಯಾ. ಮೀಸೆ ಬಂದಿತ್ತು, ಬುದ್ಧಿ ಮಾತ್ರ ಬರುವ ದಾರಿಯಲ್ಲೇ ಎಲ್ಲೋ ಕುಂತುಬಿಟ್ಟಿತ್ತು. ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡುವವ. ಮಾಡಿ ಬೈಸಿಕೊಳ್ಳುವವ. ಯಾಕೆ ಬೈದರು ಅನ್ನುವುದು ಅವನಿಗೆ ಎಂದೂ ತಿಳಿದದ್ದಿಲ್ಲ.

ಗಂಗವ್ವನ ಮಗಳು ದ್ಯಾಮವ್ವ ಬಾಣಂತನ ಮುಗಿಸಿ ಮರುದಿನ ಗಂಡನ ಮನೆಗೆ ಹೊರಡಬೇಕು. ಕೂಸಿಗೆ ಹೊದಿಸುವ ಕೌದಿ ಇನ್ನೂ ಆಗಿಲ್ಲ! ತವರಿನ ಕೌದಿ ಇಲ್ಲದೆ ಕೂಸು ಹೋದರೆ ಅತ್ತೆ ಸುಮ್ಮನೆ ಬಿಡುತ್ತಾಳೆಯೇ? "ನಿಮ್ಮವ್ವಗ ನಾಕು ಹಳೇ ಸೀರಿ ಸಿಗಲಿಲ್ಲೇನ?" ಅಂತ ಸಾಯುವ ತನಕ ಆಡಿಕೊಳ್ಳುತ್ತಾಳೆ. ಗಂಗವ್ವನ ಕಣ್ಣು ಮಂಜು. ಒಬ್ಬಳಿಂದ ಆಗುವ ಕೆಲಸವಲ್ಲ, ಓಣಿಯ ಗೆಳತಿಯರನ್ನು ಕೂಡಿಸಬೇಕು.

"ಕರಿಬಸ್ಯಾ, ಓಡು! ಹುಸೇನಬಿ ಮನಿಗೆ ಹೋಗು. ಕೈಯಾಗಿನ ಕೆಲಸ ಲಗೂನ ಮುಗಿಸಿ ಕೌದಿ ಹೊಲ್ಯಾಕ ಬಾ ಅಂತ ಹೇಳು!"

ಹೋದ. ಅಲ್ಲಿ ಹುಸೇನಬಿಯ ಮಾವ ಈಗಲೋ ಆಗಲೋ ಅನ್ನುವ ಹಾಗೆ ಮಲಗಿದ್ದ. ಮನೆಮಂದಿ ಸುತ್ತ ಕುಂತು ಅಳುತ್ತಿದ್ದರು. ಹುಸೇನಬಿ ಮುದುಕನ ಬಾಯಿಗೆ ಚಮಚದಲ್ಲಿ ನೀರು ಬಿಡುತ್ತಿದ್ದಳು.

"ಚಿಗವ್ವಾ, ಕೈಯಾಗಿಂದು ಲಗೂನ ಮುಗಿಸಿ ಬಾ! ನಮ್ಮವ್ವ ಸೂಜಿ ಪೋಣಿಸಿಕೊಂಡು ಕುಂತಾಳ!"

ಮುದುಕ ಫಕ್ಕನೆ ಕಣ್ಣು ಬಿಟ್ಟ. "ಯಾವನಲೇ ಅವ, ನನ್ನ ಮುಗಸಾಂವ?" ಎದ್ದು ಕುಂತ. ಬಡಿಗೆ ಕೇಳಿದ. ಕರಿಬಸ್ಯಾ ಓಡಿದ.

"ಎಬಡಾ!" ಅಂದಳು ಗಂಗವ್ವ. "ಅಳೋರ ಮುಂದ ಹಂಗ ಅಂತಾರೇನೋ? ಕಣ್ಣೀರು ಕಂಡ್ರ ಬಾಜೂಕ ಕುಂತು ನೀನೂ ಅಳಬೇಕು. 'ದೇವರು ಕೊಟ್ಟಿದ್ದ, ದೇವರು ಒಯ್ದ, ಮನಸು ಗಟ್ಟಿ ಮಾಡ್ಕೋ' ಅನ್ನಬೇಕು. ಹೋಗು, ಸಾವಕ್ಕನ್ನ ಕರಕೊಂಡು ಬಾ!"

"ಹೂಂ ಯವ್ವಾ. ಅಳಬೇಕು."

ಸಾವಕ್ಕ ಈಳಿಗೆಯ ಮುಂದೆ ಕುಂತು ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಕಣ್ಣು ಮೂಗು ಎಲ್ಲಾ ನೀರು. ಕರಿಬಸ್ಯಾ ಬಾಜೂಕ ಕುಂತ. ಕುಂತವನೇ ಹೋ ಅಂತ ಅತ್ತ.

"ಯಾಕೋ? ಏನಾತೋ?"

"ದೇವರು ಕೊಟ್ಟಿದ್ದ, ದೇವರು ಒಯ್ದ. ಮನಸು ಗಟ್ಟಿ ಮಾಡ್ಕೋ ಅಕ್ಕಾ!"

"ಅಯ್ಯೋ! ನನ್ನ ಗಂಡ ಎಮ್ಮಿ ಮೈ ತೊಳ್ಯಾಕ ಹೊಳಿಗೆ ಹೋಗಿದ್ದನಲ್ಲೋ!" ಸಾವಕ್ಕ ಎದೆ ಬಡಿದುಕೊಂಡಳು. ಓಣಿಗೆ ಓಣಿಯೇ ಕೂಡಿತು. ಅಷ್ಟರಲ್ಲಿ ಎಮ್ಮೆ ಹೊಡೆದುಕೊಂಡು ಗಂಡ ಬಂದ.

"ಯಾರು ಹೋದರ?"

"ನೀವ!"

"ನಾನ? ಎಲ್ಲಿಗೆ?"

ಸಾವಕ್ಕನ ಕೈ ಪೊರಕೆಗೆ ಹೋಯಿತು. ಕರಿಬಸ್ಯಾ ಓಡಿದ.

"ಎಬಡಾ, ಎಬಡಾ! ಅದು ಉಳ್ಳಾಗಡ್ಡಿ ಕಣ್ಣೀರೋ! ಅಳೋರ ಮುಂದ ಏನೈತಿ ಅಂತ ಮೊದಲು ನೋಡು. ಅದನ್ನ ತಗೊಂಡು ನೀನ ಸಣ್ಣಗ ಹೆಚ್ಚಿಕೊಡು. ಪಾಪ, ಅವರ ಕಣ್ಣು ತಣ್ಣಗಾಗ್ತಾವ."

"ಹೂಂ ಯವ್ವಾ. ಹೆಚ್ಚಬೇಕು."

ಅಂತೂ ಗೆಳತಿಯರು ಕೂಡಿದರು. ಮುದುಕ ರೊಟ್ಟಿ ಕೇಳಿ ಉಂಡನಂತ, ಹುಸೇನಬಿ ನಗುತ್ತ ಬಂದಳು. ಸಾವಕ್ಕ ಬೈಯಲಿಕ್ಕೇ ಬಂದಳು. ಕೂಸಿನ ಮುಖ ನೋಡಿ ಸೂಜಿ ಹಿಡಿದಳು. ಹಳೇ ಸೀರೆ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಸುತ್ತ ಕುಂತು, ಅಂಚು ತೊಡೆಯ ಮೇಲೆ ಎಳೆದುಕೊಂಡು ಹೊಲಿದದ್ದೇ ಹೊಲಿದದ್ದು. ಮರುದಿನ ಮಧ್ಯಾಹ್ನಕ್ಕೆ ಇನ್ನೇನು ಮುಗಿಯಿತು. ಆಗ ಹುಸೇನಬಿ ಮಗಳನ್ನು ಕಳಿಸುವ ಹಾಡು ಎತ್ತಿಕೊಂಡಳು ನೋಡ್ರಿ, ಮೂವರ ಕಣ್ಣೂ ತುಂಬಿದವು. ಮುಖ ತೊಳೆಯಲು ಹಿತ್ತಲಿಗೆ ಹೋದರು.

ಕರಿಬಸ್ಯಾ ಎಲ್ಲಾ ನೋಡುತ್ತಿದ್ದ. ಅಳುವವರ ಮುಂದೆ ಏನಿತ್ತು? ಕೌದಿ ಇತ್ತು. ಈಳಿಗೆ ತಂದ.

"ಅಯ್ಯಯ್ಯೋ! ಏನ್ ಮಾಡಿದ್ಯೋ!"

"ಪೂರಾ ಸಣ್ಣಗ ಆಗಿಲ್ಲ ಯವ್ವಾ. ದಪ್ಪ ಭಾಳ ಐತಿ."

ಕೌದಿ ಆರು ತುಂಡು! ಮಗಳು ಹೊರಡುವ ಹೊತ್ತು ಹತ್ತಿರ! ಗಂಗವ್ವ ಹಣೆ ಬಡಿದುಕೊಂಡಳು. "ಇನ್ನ ಜನ್ಮದಾಗ ಏನೂ ಕತ್ತರಿಸಬ್ಯಾಡ! ತಗೋ, ನೀನೂ ಸೂಜಿ ಹಿಡಿ. ಬಟ್ಟಿಗೆ ಬಟ್ಟಿ ಎಲ್ಲೆಲ್ಲಿ ತಾಕತದ, ಅಲ್ಲೆಲ್ಲ ಹೊಲಿ. ಒತ್ತಿ ಹೊಲಿ. ತಲಿ ಎತ್ತಬ್ಯಾಡ!"

ಹೊಲಿದ. ತಲೆ ಎತ್ತಲಿಲ್ಲ. ಕೈ ಮಾತ್ರ ಪೆದ್ದಲ್ಲ ಬಿಡ್ರಿ, ಇರುವೆ ಸಾಲಿನ ಹಾಗೆ ಹೊಲಿಗೆ. ಇವರು ಮೂವರೂ ತಮ್ಮ ತಮ್ಮ ಸೂಜಿಯ ಮೇಲೆ ಕಣ್ಣಿಟ್ಟು ಕುಂತಿದ್ದರು. ಹೊರಗೆ ಅಳಿಯನ ಟಂಟಂ ಗಾಡಿ ಪೊಂಯ್ ಪೊಂಯ್ ಅಂದಿತು. ಕಡೆಯ ಗಂಟು ಬಿತ್ತು.

"ಮುಗೀತವ್ವಾ!" ಅಂತ ಹುಸೇನಬಿ ಎದ್ದಳು. ಕೌದಿಯೂ ಎದ್ದಿತು. ಸಾವಕ್ಕ ಆಕೆಯ ಮೇಲೆ ಬಿದ್ದಳು, ಗಂಗವ್ವ ಇಬ್ಬರ ಮೇಲೆ ಬಿದ್ದಳು. ಮೂವರ ಸೆರಗೂ ಕೌದಿಗೆ ಗಟ್ಟಿ ಹೊಲಿದುಹೋಗಿತ್ತು!

"ಕತ್ತರಿ ತಾರೋ!"

"ಜನ್ಮದಾಗ ಕತ್ತರಿಸಬ್ಯಾಡ ಅಂದೀಯಲ್ಲ ಯವ್ವಾ!"

ಹೊರಗಿಂದ ಅಳಿಯ ಕೂಗಿದ: "ಕರಿಬಸಪ್ಪಾ, ಹೊತ್ತಾತು! ಕೌದಿ ತಂದು ಗಾಡ್ಯಾಗ ಹಾಕಪ್ಪಾ!"

ಅಬ್ಬಾ, ತಿಳಿಯುವಂಥ ಮಾತು ಒಂದಾದರೂ ಬಂತಲ್ಲ! ಕರಿಬಸ್ಯಾ ಕೌದಿಯ ತುದಿ ಹಿಡಿದು ದರದರ ಎಳೆದ. ಎತ್ತಿ ಗಾಡಿಯ ಹಿಂದೆ ಹಾಕಿದ. ಮೂರು ಹೆಂಗಸರ ಸಮೇತ! ಮುಂದೆ ಕೂಸು ಹಿಡಿದು ಬಿಕ್ಕುತ್ತಿದ್ದ ದ್ಯಾಮವ್ವ, ಹಿಂದಿನ ಬೊಬ್ಬೆ ಕೇಳಿ, 'ತವರಿನವರು ಎಷ್ಟು ಅಳ್ತಾರ!' ಅಂದುಕೊಂಡಳು. ಗಾಡಿ ಹೋಯಿತು.

ಮುಂದೆ ಏನಾಯಿತಂತೀರಾ? ಅತ್ತೆ ಬಾಯಿ ತೆರೆದು ನಿಂತಳು. "ಕೌದಿ ಜೋಡಿ ಹೊಲಿದೋರನ್ನೂ ಕಳಿಸೋ ತವರ ನಾ ಕಂಡಿಲ್ಲ!" ಅಂದು ತಾನೇ ಕತ್ತರಿ ಹಾಕಿದಳು. ಮತ್ತೆ ಆಡಿಕೊಳ್ಳಲಿಲ್ಲ. ಮೂವರ ಸೆರಗಿನ ತುಂಡೂ ಕೌದಿಯಲ್ಲೇ ಉಳಿದವು. ಕೂಸು ಅದರಲ್ಲಿ ಬೆಚ್ಚಗೆ ಬೆಳೆಯಿತು. ಹುಸೇನಬಿಯ ಮಾವ ಬಡಿಗೆ ಊರಿಕೊಂಡು ಬಹಳ ವರ್ಷ ಬದುಕಿದ. ಸಾವಕ್ಕನ ಗಂಡ ಅವತ್ತು ಖಾಲಿ ಮನೆ ನೋಡಿ, "ಈಗ ಖರೇನ ಯಾರು ಹೋದರ?" ಅಂತ ಊರೆಲ್ಲ ಕೇಳಿದ. ಗಂಗವ್ವ ಕೌದಿಗೆ ಕುಂತರೆ ಮೊದಲು ಸೆರಗು ಸೊಂಟಕ್ಕೆ ಬಿಗಿಯುತ್ತಾಳೆ.

ಕರಿಬಸ್ಯಾ? ಅವನು ಕಟ್ಟೆಯ ಮೇಲೆ ಕುಂತು ಇವತ್ತಿಗೂ ಬೆರಳು ಮಡಚುತ್ತಾನೆ. ಮಂದಿ ಕೂಡಿದರು. ಕೌದಿ ಆಯಿತು. ತಂಗಿಗೂ ಮುಟ್ಟಿತು.

"ಮತ್ತ ಬೈದದ್ದು ಯಾಕ?"