ಮೈಲಾರಿ ಅವ್ವನಿಗೆ ಬೆವರು ಬರಿಸಿದ್ದು

ಬಂದ್ರಾ? ಕೂತ್ಕೊಳ್ಳಿ. ಪೆದ್ದನ ಕತೆ ಅಂದ ಕೂಡ್ಲೇ ಹಲ್ಲು ಕಿರೀಬೇಡಿ. ನಗು ಬಂದ್ರೆ ನಗಿ, ಬೇಡ ಅನ್ನೋಲ್ಲ. ಆದ್ರೆ ನಾನು ಸಾಕು ಅಂದಾಗ ನಿಲ್ಲಿಸ್ಬೇಕು. ಆಗಲ್ಲ ಅನ್ನೋರು ಈಗ್ಲೇ ಎದ್ದು ಹೋಗಿ.

ಒಂದೂರಲ್ಲಿ ಬೀರವ್ವ ಅಂತ ಒಬ್ಳು ಇದ್ಳು. ಕುರಿ ಉಣ್ಣೆ ನೂತು, ಕಂಬಳಿ ನೇಯೋರಿಗೆ ಕೊಟ್ಟು ಹೊಟ್ಟೆ ಹೊರ್ಕೊಳ್ಳೋಳು. ಗಂಡ ಇಲ್ಲ. ಇದ್ದೋನು ಒಬ್ನೇ ಮಗ, ಮೈಲಾರಿ. ಮೀಸೆ ಬಂದು ಹತ್ತು ವರ್ಷ ಆಗಿತ್ತು, ಬುದ್ಧಿ ಮಾತ್ರ ಇನ್ನೂ ಬಂದಿರ್ಲಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಬಾಗಿಲು ನೋಡ್ಕೊಳೋ ಅಂದ್ರೆ ಬಾಗಿಲನ್ನೇ ನೋಡ್ತಾ ಕೂರೋನು. ಹಿಂದೆ ಕೋಳಿಗಳು ರಾಗಿ ಮುಕ್ಕಿದ್ರೂ ತಿರುಗೋನಲ್ಲ. "ನಾನು ಹೋದ್ಮೇಲೆ ಇವನ ಗತಿ ಏನಪ್ಪಾ ದೇವ್ರೇ!" ಅಂತ ಬೀರವ್ವ ದಿನಾ ಹಣೆ ಚಚ್ಕೊಳ್ಳೋಳು.

ಒಂದಿನ ಬೀರವ್ವನಿಗೆ ಚಳಿಜ್ವರ ಬಂತು. ಮೈ ಕೆಂಡ, ಹಲ್ಲು ಕಟಕಟ. ಮಗನ್ನ ಕರೆದು, "ಲೋ, ಚೌಡಜ್ಜಿ ಹತ್ರ ಹೋಗಿ ಔಷಧಿ ಇಸ್ಕೊಂಡು ಬಾರೋ" ಅಂದ್ಲು. ಚೌಡಜ್ಜಿ ಊರಾಚೆ ಗುಡಿಸಲಲ್ಲಿದ್ಳು, ಬೇರು ಸೊಪ್ಪು ಬಲ್ಲೋಳು.

ಅಜ್ಜಿ ಶುಂಠಿ, ಮೆಣಸು, ತುಳಸಿ, ಅಮೃತಬಳ್ಳಿ ಎಲ್ಲ ಸೇರಿಸಿ ಗಂಟು ಕಟ್ಟಿ ಕೊಟ್ಲು. "ನೋಡು ಮಗ, ಮೈ ಬೆವರಿದ್ರೆ ಜ್ವರ ಬಿಡ್ತದೆ. ಬೆವರದಿದ್ರೆ ಕಷ್ಟ. ಇದನ್ನ ಹಾಕಿ ಕಷಾಯ ಕಾಸು. ಎಂಟು ಲೋಟ ಒಂದು ಲೋಟ ಆಗ್ಬೇಕು. ತಿಳೀತಾ?"

"ತಿಳೀತಜ್ಜಿ!"

ಮನೇಲಿ ಮೂರು ಲೋಟ ಇದ್ವು. ಅಕ್ಕಪಕ್ಕದಲ್ಲಿ ಐದು ಕೇಳಿ ತಂದ. ಎಂಟನ್ನೂ ಟವೆಲ್ಲಲ್ಲಿ ಕಟ್ಕೊಂಡು ಸೀದಾ ಕಂಚುಗಾರನ ಹತ್ರ ಹೋದ. "ಇವೆಂಟೂ ಕರಗಿಸಿ ಒಂದು ಲೋಟ ಮಾಡಣ್ಣ, ಬೇಗ! ನಮ್ಮವ್ವಂಗೆ ಜ್ವರ!"

ನಗಿ, ನಗಿ. ಕಂಚುಗಾರನೂ ನಕ್ಕ. ನಕ್ಕೊಂಡೇ ಮಾಡ್ಕೊಟ್ಟ.

ಹೊತ್ತು ಮುಳುಗೋ ಹೊತ್ತಿಗೆ ಮೈಲಾರಿ ಕುಂಬಳಕಾಯಿ ಗಾತ್ರದ ಲೋಟ ಹೊತ್ಕೊಂಡು ಬಂದ. "ಅವ್ವಾ, ಎಂಟು ಲೋಟ ಒಂದಾಯ್ತು!"

"ಅಯ್ಯೋ ನನ್ನ ಕರ್ಮವೇ! ಲೋಟ ಅಲ್ಲ ಕಣೋ, ನೀರು! ಎಂಟು ಲೋಟ ನೀರು ಬತ್ತಿ ಒಂದು ಲೋಟ ಆಗ್ಬೇಕು. ಪಾತ್ರೆ ಹೆಸರು ಹೇಳಿದ್ರೆ ಒಳಗಿನ ನೀರು ಅಂತ ತಿಳ್ಕೋಬೇಕು ಕಣೋ, ಮಂಕೇ!"

"ಆಗ್ಲವ್ವ, ಇನ್ಮೇಲೆ ಹಂಗೇ ತಿಳ್ಕೊಳ್ತೀನಿ."

ಬೀರವ್ವ ತೆವಳ್ಕೊಂಡು ಹೋಗಿ ತಾನೇ ಒಲೆ ಹಚ್ಚಿ ಕಷಾಯ ಕಾಸ್ಕೊಂಡು ಕುಡಿದ್ಲು. ಬೆವರು ಬರ್ಲಿಲ್ಲ. ಮಾರನೇ ದಿನ ಮತ್ತೆ ಮಗನ್ನ ಚೌಡಜ್ಜಿ ಹತ್ರ ಕಳಿಸಿದ್ಲು.

"ಕಷಾಯ ಒಂದೇ ಸಾಲ್ದು ಮಗ" ಅಂದ್ಲು ಅಜ್ಜಿ. "ಹೋಗಿ ಅವಳನ್ನ ಹಂಡೆ ಪಕ್ಕ ಕೂರಿಸು. ಮೈಮೇಲೆ ನೀರು ಹುಯ್ಯಿ. ಬೆವರು ಕಿತ್ಕೊಂಡು ಬರ್ತದೆ."

ಹಂಡೆ ಅಂದ್ರೆ ಪಾತ್ರೆ. ಪಾತ್ರೆ ಅಂದ್ರೆ ನೀರು. ಊರಲ್ಲಿ ಎಲ್ಲಕ್ಕಿಂತ ಜಾಸ್ತಿ ನೀರು ಎಲ್ಲಿದೆ? ಕೆರೇಲಿ! ಮೈಲಾರಿ ಮನೆಗೆ ಬಂದೋನೇ ಅವ್ವನ್ನ ಹೆಗಲಿಗೆ ಹಾಕ್ಕೊಂಡ.

"ಎಲ್ಲಿಗೋ? ಬಚ್ಚಲು ಈ ಕಡೆ ಕಣೋ!"

"ಸುಮ್ನಿರವ್ವ, ನೀನೇ ಹೇಳಿದ್ದು!"

ಕೆರೆ ದಂಡೇಲಿ ಕೂರಿಸಿ, ಮೊಗೆ ಮೊಗೆದು ತಲೆಮೇಲೆ ಹುಯ್ದ. ಮಾಗಿ ಕಾಲ. ಗಾಳಿ ಸುಯ್ ಅಂತಿತ್ತು. ಬೀರವ್ವನ ತುಟಿ ನೀಲಿಯಾಯ್ತು, ಮಾತು ನಿಂತೋಯ್ತು.

ಬಟ್ಟೆ ಒಗೀತಿದ್ದ ಹೆಂಗಸ್ರು ಕೂಗಾಡಿದ್ರು. "ಲೋ ಪಾಪಿ! ಜ್ವರದೋಳನ್ನ ಸಾಯಿಸ್ತೀಯೇನೋ? ಮೈ ಬಿಸಿ ಇದ್ದಾಗ ಗಾಳಿ ತಾಕ್ಬಾರ್ದು. ಬಿಸಿ ಇರೋದಕ್ಕೆ ಕಂಬಳಿ ಹೊದಿಸ್ಬೇಕು. ಮನೇಲಿರೋ ಕಂಬಳಿ ಎಲ್ಲ ಹೊದಿಸ್ಬೇಕು!"

"ಆಗ್ಲಕ್ಕ, ಹಂಗೇ ಮಾಡ್ತೀನಿ!"

ಬೈದು ಮತ್ತೆ ಬಟ್ಟೆ ಕುಕ್ಕೋಕೆ ಬಗ್ಗಿದ್ರು. ಒಬ್ಳಾದ್ರೂ ಸೆರಗು ಸಿಕ್ಕಿಸ್ಕೊಂಡು ಅವನ ಹಿಂದೆ ಹೋದ್ಳಾ? ಇಲ್ಲ. ಬುದ್ಧಿ ಹೇಳೋಕೆ ಊರೆಲ್ಲ ಇತ್ತು, ಹಂಡೆ ಕಾಯಿಸಿ ಕೊಡೋಕೆ ಒಬ್ಬರೂ ಇರ್ಲಿಲ್ಲ. ಇದನ್ನ ಹೇಳುವಾಗೆಲ್ಲ ನನಗೆ ಮೈ ಉರೀತದೆ.

ಮೈಲಾರಿ ಅವ್ವನ್ನ ಹೊತ್ಕೊಂಡು ಮನೆಗೆ ಬಂದ. ಈ ಸಲ ಸರಿಯಾಗೇ ಮಾಡ್ಬೇಕು ಅಂತ ಹಟ ಹಿಡಿದ. ಒಲೆ ಹಚ್ಚಿದ, ಹಂಡೆ ತುಂಬ ನೀರು ಕಾಯಿಸ್ದ. ಆಮೇಲೆ ಕಂಬಳಿ ತಗೊಂಡ. ಬಿಸಿ ಯಾವುದು? ಅವ್ವನ ಮೈ ಮುಟ್ಟಿ ನೋಡ್ದ. ಕೆರೆ ನೀರಿಗೆ ಮೈ ತಣ್ಣಗಾಗಿತ್ತು. ಹಂಡೆ ಮುಟ್ಟಿ ನೋಡ್ದ. ಕೈ ಸುಡ್ತು! ಇದ್ದ ಮೂರು ಕಂಬಳೀನೂ ಹಂಡೆಗೆ ಹೊದಿಸ್ದ, ಒಂದು ಚೂರು ಗಾಳಿ ಆಡದ ಹಾಗೆ ಒಲೆಬಾಯಿವರೆಗೂ ಇಳಿಬಿಟ್ಟು ತುರುಕಿದ.

ಉಣ್ಣೆ ಸುಟ್ಟ ವಾಸನೆಗೆ ಬೀರವ್ವ ಕಣ್ಣು ಬಿಟ್ಲು. ಮೂರೂ ಕಂಬಳಿ ಕರಿಕಲಾಗಿದ್ವು. ಅವಳೇ ನೂತ ಉಣ್ಣೆ ಅದು.

ಸಾಕು. ಇನ್ನು ನಗ್ಬೇಡಿ.

ಬೀರವ್ವ ಬೈಲಿಲ್ಲ. ಬೈಯೋಕೆ ಉಸಿರೂ ಇರ್ಲಿಲ್ಲ. ಮಗನ ಸುಟ್ಟ ಅಂಗೈ ಹಿಡ್ಕೊಂಡು ಹೇಳಿದ್ಲು, "ನನ್ನಪ್ಪಾ, ಇನ್ನೇನೂ ಮಾಡ್ಬೇಡ. ಸುಮ್ನೆ ನನ್ನ ಹತ್ರ ಕೂತ್ಕೊಂಡು ಹಣೆ ನೋಡ್ತಿರು. ಬೆವರ ಹನಿ ಕಂಡ್ರೆ ಜ್ವರ ಬಿಡ್ತು ಅಂತ ಲೆಕ್ಕ. ಆಗ ಚೌಡಜ್ಜಿ ಮನೆಗೆ ಓಡಿಹೋಗಿ ಹೇಳು. ಅಷ್ಟೇ ಸಾಕು."

"ಆಗ್ಲವ್ವ."

ಕೂತ. ರೆಪ್ಪೆ ಬಡಿಯದೆ ಹಣೆ ನೋಡ್ತಾ ಕೂತ. ಊಟ ಬೇಡ, ನೀರು ಬೇಡ. ಮೂರನೇ ದಿನ ಸುದ್ದಿ ಕೇಳಿ ಚೌಡಜ್ಜಿ ಕೋಲೂರ್ಕೊಂಡು ತಾನೇ ಬಂದ್ಲು. ಬಿಸಿ ಬಿಸಿ ಕಷಾಯ ಹನಿ ಹನಿಯಾಗಿ ಬಾಯಿಗೆ ಬಿಟ್ಲು, ಕಾಯಿಸಿದ ಇಟ್ಟಿಗೆ ಬಟ್ಟೇಲಿ ಸುತ್ತಿ ಪಾದಕ್ಕೆ ಇಟ್ಲು, ಅಂಗಾಲು ತಿಕ್ಕಿದ್ಲು. ಹಣೆ ಒಣಗಿದ ಬೂದಿ ಹಾಗೇ ಇತ್ತು. ಹೊತ್ತು ಮೂಡೋ ಮುಂಚೆ ಬೀರವ್ವ ಹೋಗಿಬಿಟ್ಲು.

ಆಗ ಬಂದ್ರು ನೋಡಿ, ಊರಿಗೆ ಊರೇ ಬಂತು! ಕೆರೆ ದಂಡೆ ಹೆಂಗಸ್ರೂ ಬಂದ್ರು. ಒಬ್ಳು ಒಲೆ ಹಚ್ಚಿದ್ಲು, ಒಬ್ಳು ನೀರು ಸೇದಿದ್ಲು, ಒಬ್ಳು ಹಂಡೆ ಕಾಯಿಸಿದ್ಲು. ಬೀರವ್ವನ್ನ ಅಂಗಳದಲ್ಲಿ ಮಣೆ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ರು. ಚೌಡಜ್ಜಿ ತಾನೇ ಚೊಂಬು ಹಿಡಿದು ಹಬೆಯಾಡೋ ನೀರು ಹುಯ್ದ್ಲು. ಮೈ ಒರೆಸಿ, ಹೊಸ ಸೀರೆ ಉಡಿಸಿ, ವಿಭೂತಿ ಇಡೋಕೆ ಮುಖ ಎತ್ತಿದ್ರು.

ಮೈಲಾರಿ ಅಲ್ಲೇ ಎದುರಿಗೆ ಕುಕ್ಕರಗಾಲಲ್ಲಿ ಕೂತಿದ್ದ. ಅವ್ವ ಹೇಳಿದ ಕೆಲಸ ಒಂದು ಗಳಿಗೆನೂ ಬಿಟ್ಟಿರ್ಲಿಲ್ಲ. ಒದ್ದೆ ಕೂದಲ ಕೆಳಗೆ, ಅವ್ವನ ಹಣೆ ಮೇಲೆ ಸಣ್ಣ ಸಣ್ಣ ಹನಿ. ಒಂದು ಹನಿ ಹುಬ್ಬಿನ ಮೇಲೆ ಉರುಳ್ತು.

"ಬೆವರು!" ಅಂತ ಚೀರಿದ. "ಅವ್ವಂಗೆ ಬೆವರು ಬಂತು! ಜ್ವರ ಬಿಡ್ತು!"

ಹೆಂಗಸ್ರು ಕೈ ಅಡ್ಡ ಮಾಡಿದ್ರು. "ಲೋ ಮೈಲಾರಿ, ಎಲ್ಲಿಗೋ?"

"ಬಿಡ್ರಕ್ಕ! ಅಜ್ಜಿಗೆ ಹೇಳ್ಬೇಕು!"

ಚೌಡಜ್ಜಿ ಚೊಂಬು ಹಿಡ್ಕೊಂಡು ಅವನ ಮಗ್ಗುಲಲ್ಲೇ ನಿಂತಿದ್ಲು. ಅವಳ ಭುಜ ಸರಿಸಿ, ದಾಟ್ಕೊಂಡು ಓಡ್ದ. ಊರಾಚೆ ಗುಡಿಸಲ ಬಾಗಿಲು ಬಡಿಯೋ ಸದ್ದು ಅಂಗಳದವರೆಗೂ ಕೇಳಿಸ್ತಿತ್ತು. "ಅಜ್ಜೀ! ಬಾಗಿಲು ತೆಗೀ ಅಜ್ಜೀ! ನಮ್ಮವ್ವ ಬದುಕ್ಕೊಂಡ್ಲು!"