ನೇಕಾರನ ಎಡಗಾಲು

"ಪಾದದ ನಡುವಿನ ಲಿಗಮೆಂಟ್ ಹರಿದರೆ ಯಾವುದು ಮೇಲು ಸರ್? ಸ್ಕ್ರೂ ಹಾಕುವುದೋ, ಗಟ್ಟಿ ದಾರದಲ್ಲಿ ಬಿಗಿಯುವುದೋ, ಕೀಲನ್ನೇ ಬೆಸೆದುಬಿಡುವುದೋ?" ಎಂದು ತಿಪ್ಪೇಶ ಕೇಳಿದ. ಮೂಳೆಯ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದ ಅವನು ಮರುದಿನ ಮೊದಲ ಸಲ ತಾನೇ ಕತ್ತಿ ಹಿಡಿಯುವವನಿದ್ದ.

ಗುರುಗಳು ಉತ್ತರ ಕೊಡಲಿಲ್ಲ, ಕತೆ ಹೇಳಿದರು.

ಒಬ್ಬ ವೈದ್ಯನಿದ್ದ. ಅವನ ಕೈಗೆ ಒಳ್ಳೆಯ ಹೆಸರಿತ್ತು, ಆ ಹೆಸರು ತಲೆಗೂ ಏರಿತ್ತು. ಎಲ್ಲಿ ಸಡಿಲ ಕಂಡಿತೋ ಅಲ್ಲೊಂದು ಸ್ಕ್ರೂ ಬಿಗಿಯದೆ ಅವನಿಗೆ ಸಮಾಧಾನವಿಲ್ಲ. ಅವನ ಬಳಿ ಒಬ್ಬ ನೇಕಾರ ಬಂದ. ಮಗ್ಗದ ಕೆಳಗೆ ತೋಡಿದ ಕುಣಿಗೆ ಇಳಿಯುವಾಗ ಎಡಗಾಲು ಮಡಚಿ, ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಹರಿದು, ಪಾದದ ಮೂಳೆಗಳು ಜರುಗಿದ್ದವು. ಕುಣಿಯಲ್ಲಿ ಕೂತು ಹಲಗೆ ತುಳಿದರೆ ತಾನೆ ಬಟ್ಟೆ? ಕಾಲು ಹೋದರೆ ಕಸುಬೇ ಹೋದಂತೆ. ಬೇರೆ ಕೆಲಸ ಅವನಿಗೆ ಗೊತ್ತಿರಲಿಲ್ಲ.

"ಈ ಅಂಚಿಂದ ಆ ಅಂಚಿನವರೆಗೂ ಸ್ಕ್ರೂ ಹಾಕ್ತೀನಿ. ಒಂದು ಮೂಳೆನೂ ಅಲ್ಲಾಡಬಾರದು" ಎಂದ ವೈದ್ಯ.

ನೇಕಾರ ಧಡಕ್ಕನೆ ಎದ್ದು ಕೂತ. "ಬ್ಯಾಡ್ರಿ ಸಾಹೇಬ್ರ. ಮಗ್ಗದ ಕಂಬಕ್ಕ ಗೂಟ ಜಡೀತೀವಿ, ತುಳಿಯೋ ಹಲಗಿನ ಹಗ್ಗದಾಗ ಕಟ್ತೀವಿ. ಅದಕ್ಕೂ ಮೊಳಿ ಹೊಡದ್ರ ಅದು ಮಗ್ಗ ಅಲ್ರಿ, ಮಂಚ ಆಗತೈತಿ."

ವೈದ್ಯನಿಗೆ ಸಿಟ್ಟು ನೆತ್ತಿಗೇರಿತು. ನನಗೇ ಪಾಠವೇ ಎಂದುಕೊಂಡ. ಆದರೂ ಮಾತು ಮನಸ್ಸಿನಿಂದ ಹೋಗಲೊಲ್ಲದು. ಮರುದಿನ ಬೆಳಿಗ್ಗೆ ನೇಕಾರನ ಮನೆಗೆ ಹೋಗಿ, ಬೂಟು ಬಿಚ್ಚಿ, ಕುಣಿಗಿಳಿದು ತಾನೇ ತುಳಿದ. ನೇಕಾರನ ಹೆಂಡತಿ ಬಾಯಿಗೆ ಸೆರಗು ಹಿಡಿದು ನಕ್ಕಳು. ನಗಲಿ ಎಂದು ಇನ್ನಷ್ಟು ತುಳಿದ. ಪಾದದ ಒಳಬದಿ ಗಟ್ಟಿ ನಿಲ್ಲುತ್ತದೆ, ಹೊರಬದಿ ಬಾಗುತ್ತದೆ. ಪುಸ್ತಕದಲ್ಲಿ ಓದಿದ್ದೇ ಅದು, ಅವತ್ತು ಕಾಲಿಗೆ ತಿಳಿಯಿತು.

ಶಸ್ತ್ರಚಿಕಿತ್ಸೆಯ ದಿನ ಒಳಬದಿಯ ಮೂಳೆಗಳಿಗಷ್ಟೇ ಸ್ಕ್ರೂ ಹಾಕಿದ. ಹರಿದ ಲಿಗಮೆಂಟಿನ ಜಾಗಕ್ಕೆ ದಾರ ಬಿಗಿದ. ಹೊರಬದಿಯನ್ನು ಅದರ ಪಾಡಿಗೆ ಬಿಟ್ಟ.

ತಿಂಗಳುಗಳು ಉರುಳಿದವು. ನೇಕಾರ ಕುಣಿಗಿಳಿದ ದಿನ ಓಣಿಗೆ ಓಣಿಯೇ ಬಾಗಿಲಲ್ಲಿ ನೆರೆದಿತ್ತು. ಎಡಗಾಲು ಒತ್ತಿದ, ಲಾಳಿ ಓಡಿತು. ಮತ್ತೆ ಒತ್ತಿದ, ಮತ್ತೆ ಓಡಿತು. ಜನ ಕೇಕೆ ಹಾಕಿದರು. ಎಲ್ಲರಿಗಿಂತ ಜೋರಾಗಿ ಕೂಗಿದವನು ವೈದ್ಯನೇ. ತನ್ನ ಗೆಲುವುಗಳಲ್ಲೆಲ್ಲ ದೊಡ್ಡದು ಇದೇ ಎಂದು ಅವನಿಗೆ ಅನಿಸಿತು, ಕಣ್ಣು ತುಂಬಿ ಬಂತು.

ಕತೆ ಕೇಳಿ ತಿಪ್ಪೇಶನ ಮುಖ ಅರಳಿತು. "ತಿಳೀತು ಸರ್! ಒಳಬದಿಗೆ ಸ್ಕ್ರೂ, ಲಿಗಮೆಂಟಿಗೆ ದಾರ. ನಾಳೆ ಹಾಗೇ ಮಾಡ್ತೀನಿ."

"ನಾಳೆ ಬರುವವರ ಮನೆಯಲ್ಲೂ ಮಗ್ಗ ಇದೆಯೇನಪ್ಪಾ?" ಎಂದರು ಗುರುಗಳು.