ಕಂಟ್ರೋಲರ್ ಕಾರ್ಡಿಗೆ ಸಾಹೇಬರ ಅಮೃತಹಸ್ತ

ಜಮೀನು ದಾಖಲೆಗಳ ಕಚೇರಿಯೊಂದಕ್ಕೆ ಹಾರ್ಡ್‌ಡಿಸ್ಕುಗಳನ್ನು ನಡೆಸುವ ಹೊಸ ಕಂಟ್ರೋಲರ್ ಕಾರ್ಡು ಬಂತು. ಗುತ್ತಿಗೆ ಆಪರೇಟರ್ ನಾಗವೇಣಿ ಅದನ್ನು ಕಂಪ್ಯೂಟರಿನೊಳಗೆ ಕೂರಿಸಿ, "ಸಾರ್, ಸೆಟ್ಟಿಂಗ್ ಮಾಡೋ ಮೊದಲು ದಾಖಲೆಗಳ ಬ್ಯಾಕಪ್ ತೆಗೀಬೇಕು. ಸಂಜೆಯಾಗುತ್ತೆ" ಎಂದಳು.

"ನನಗೇ ಪಾಠ ಹೇಳ್ತೀಯೇನಮ್ಮ? ಹನ್ನೆರಡಕ್ಕೆ ಮೇಲಿನವರು ಬರ್ತಾರೆ. ಅಷ್ಟರಲ್ಲಿ ಮುಗಿಸು, ಇಲ್ಲಾ ಮನೆಗೆ ನಡಿ!" ಎಂದರು ಸಾಹೇಬರು. ಕಂಪ್ಯೂಟರ್ ಆನ್ ಮಾಡಲೂ ಜವಾನನನ್ನು ಕೂಗುವ ಮಹಾನುಭಾವರು.

ಮುಗಿಸದಿದ್ದರೆ ಕೆಲಸ ಹೋಗುತ್ತದೆ. ಆತುರದಲ್ಲಿ ದಾಖಲೆ ಅಳಿಸಿಹೋದರೆ ಆ ಪಾಪವೂ ತನ್ನ ತಲೆಗೇ. ನಾಗವೇಣಿ ಕೈಮುಗಿದಳು. "ಹಾಗಾದ್ರೆ ಉದ್ಘಾಟನೆ ನಿಮ್ಮ ಅಮೃತಹಸ್ತದಿಂದಲೇ ಆಗಲಿ ಸಾರ್. ಫೋಟೋನೂ ತೆಗೆಸೋಣ."

ಸಾಹೇಬರು ತಲೆ ಬಾಚಿಕೊಂಡರು, ಹಾರ ಹಾಕಿಸಿಕೊಂಡರು, ಬೆರಳೆತ್ತಿ ಕೂತರು. ಸಿಬ್ಬಂದಿಯೆಲ್ಲ ಸುತ್ತ ನಿಂತಿತು. ಪರದೆಯ ಮೇಲಿದ್ದುದನ್ನು ನಾಗವೇಣಿ ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಹೇಳಿದಳು: "ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಒಪ್ಪಿಗೆಯೇ? ಒತ್ತಿ ಸಾರ್, ಎಲ್ಲರೂ ಕಾಯ್ತಿದ್ದಾರೆ."

ಅಮೃತಹಸ್ತ ಗಾಳಿಯಲ್ಲೇ ನಿಂತಿತು.

"ಏ, ಈಗ ರಾಹುಕಾಲ ಅಲ್ವೇನ್ರೀ? ಆಮೇಲೆ ನೋಡೋಣ."

"ರಾಹುಕಾಲ ಒಂದೂವರೆ ಗಂಟೆ ಅಷ್ಟೇ ಸಾರ್. ಬ್ಯಾಕಪ್ಪಿಗೆ ಸಂಜೆವರೆಗೂ ಬೇಕು."

ಸಾಹೇಬರು ಹಾರ ತೆಗೆದು ಮೇಜಿನ ಮೇಲಿಟ್ಟರು. "ಇವತ್ತು ರಾಹುಕಾಲ ಸಂಜೆವರೆಗೂ ಇದೆ ಕಣಮ್ಮ!"